ನೌಕರಿ ಬಿಡುವವನ ನೋಟಿಸು: ಲೋಕದ ನಂಬಿಕೆ, ಶಾಸನದ ಮಾತು

ಕಬ್ಬಾಳು ಮತ್ತು ಅದರ ಆಸುಪಾಸಿನ ಗ್ರಾಮಗಳಿಂದ ಹಾರೋಹಳ್ಳಿ, ಬಿಡದಿಗಳ ಕಾರ್ಖಾನೆಗಳಿಗೆ ಹೋಗಿ ದುಡಿದು ಬರುವ ತರುಣರಲ್ಲಿ, ಇದ್ದ ಕೆಲಸವನ್ನು ಬಿಟ್ಟು ಮತ್ತೊಂದನ್ನು ಹಿಡಿಯುವ ಪ್ರಸಂಗ ಒದಗಿದಾಗಲೆಲ್ಲ, ಕಾನೂನಿನ ಹೆಸರು ಹೊತ್ತ ಕೆಲವು ಮಾತುಗಳು ಬಾಯಿಂದ ಬಾಯಿಗೆ ಸಂಚರಿಸುತ್ತವೆ. ಅವುಗಳಲ್ಲಿ ಬಹುಪಾಲು ಭಯದಿಂದ ಹುಟ್ಟಿದವು, ಉಳಿದವು ಅತಿಧೈರ್ಯದಿಂದ.

ನೋಟಿಸು ಕೊಡದೆ ಕೆಲಸ ಬಿಟ್ಟವನನ್ನು ಪೊಲೀಸರು ಹಿಡಿಯುವರೆಂಬುದು ಇವುಗಳಲ್ಲಿ ಅತ್ಯಂತ ಪ್ರಬಲವಾದ ನಂಬಿಕೆ. ಇದು ಇಂದು ನಿರಾಧಾರವಾದರೂ ಇದಕ್ಕೊಂದು ಚರಿತ್ರೆಯುಂಟು. ಮುಂಗಡ ಪಡೆದ ಕುಶಲಕರ್ಮಿಯಾಗಲಿ ಕೂಲಿಕಾರನಾಗಲಿ ಒಪ್ಪಿದ ಕೆಲಸವನ್ನು ತೊರೆದರೆ ಅವನನ್ನು ಕಾರಾಗೃಹಕ್ಕೆ ಕಳುಹಿಸಲು ಅವಕಾಶವೀಯುವ ಅಧಿನಿಯಮವೊಂದನ್ನು ಬ್ರಿಟಿಷರು 1859ರಲ್ಲಿ ರಚಿಸಿದ್ದರು. 1925ರಲ್ಲಿ ಅದು ರದ್ದಾಯಿತು. ಈಗ ರಾಜೀನಾಮೆಯ ತಕರಾರು ಸಿವಿಲ್ ವ್ಯವಹಾರವೇ ಹೊರತು ಅಪರಾಧವಲ್ಲ. ಒಲ್ಲದ ನೌಕರನಿಂದ ಸೇವೆಯನ್ನು ಬಲವಂತವಾಗಿ ಮಾಡಿಸಿಕೊಡುವುದು ನ್ಯಾಯಾಲಯದ ಕಾರ್ಯವೂ ಅಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಸೆರೆಯಾಳುಗಳನ್ನಿಟ್ಟ ಕಬ್ಬಾಳದುರ್ಗವು ಕಣ್ಣೆದುರಿಗೇ ಇರುವ ಊರಿನವರಿಗೆ ಸೆರೆಯ ಭಯ ಸಹಜವಿದ್ದೀತು, ಆದರೆ ನೋಟಿಸಿನ ವಿಷಯದಲ್ಲಿ ಅದು ಅನಾವಶ್ಯಕ.

ಇದರ ಒಡಹುಟ್ಟಿದ ನಂಬಿಕೆಯೊಂದು, ನನ್ನ ದೃಷ್ಟಿಯಲ್ಲಿ ಹೆಚ್ಚು ಕ್ರೂರವಾದುದು, ರೇಷ್ಮೆಯ ನೂಲು ಬಿಚ್ಚಾಣಿಕೆಯಂತಹ ಕಸುಬುಗಳಲ್ಲಿ ಕೇಳಿಬರುತ್ತದೆ: ಮುಂಗಡ ತೀರುವವರೆಗೆ ಆಳು ಅದನ್ನು ಕೊಟ್ಟವನ ಮನೆಯನ್ನು ಬಿಡಕೂಡದೆಂದು. ಮುಂಗಡಕ್ಕೆ ಪ್ರತಿಯಾಗಿ ಬೇರೆಡೆ ದುಡಿಯುವ ಸ್ವಾತಂತ್ರ್ಯವನ್ನೇ ಒಬ್ಬನಿಂದ ಕಸಿದುಕೊಂಡರೆ ಅದು ಜೀತವೆಂದು 1976ರ ಜೀತಪದ್ಧತಿ ರದ್ದಿಯಾತಿ ಅಧಿನಿಯಮವು ಸ್ಪಷ್ಟವಾಗಿ ಹೇಳುತ್ತದೆ. ಅಂತಹ ಸಾಲವನ್ನು ತೀರಿಸುವ ಹೊಣೆಯನ್ನು ಅದು ಅಳಿಸಿಹಾಕಿದೆ, ಜೀತಕ್ಕೆ ಬಲಾತ್ಕರಿಸಿದವನಿಗೆ ಮೂರು ವರ್ಷದವರೆಗಿನ ಸೆರೆಯನ್ನೂ ವಿಧಿಸಿದೆ. ಅರ್ಥಾತ್, ಇಲ್ಲಿ ಹೆದರತಕ್ಕವನು ಬಿಡುವವನಲ್ಲ, ಹಿಡಿದಿಟ್ಟವನು.

ಒಂದು ತಿಂಗಳ ನೋಟಿಸು ಎಲ್ಲರಿಗೂ ಶಾಸನವೇ ವಿಧಿಸಿದ ಅವಧಿಯೆಂಬುದು ಅರ್ಧಸತ್ಯ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 39ನೆಯ ಪ್ರಕರಣವು ಆರು ತಿಂಗಳು ಸತತವಾಗಿ ದುಡಿದವನನ್ನು ತೆಗೆಯುವ ಮುನ್ನ ಒಂದು ತಿಂಗಳ ನೋಟಿಸನ್ನೋ ಅದರ ವೇತನವನ್ನೋ ಕೊಡಬೇಕೆನ್ನುವುದು ಮಾಲೀಕನಿಗೆ. ದೊಡ್ಡ ಕಾರ್ಖಾನೆಗಳಲ್ಲಿ, ಕಾರ್ಮಿಕರ ಸೇವಾನಿಯಮಗಳನ್ನು ಕುರಿತ 1946ರ ಅಧಿನಿಯಮದ ಮಾದರಿ ಸ್ಥಾಯಿ ಆಜ್ಞೆಗಳನ್ನನುಸರಿಸಿ, ತಿಂಗಳ ಸಂಬಳದ ಖಾಯಂ ಕಾರ್ಮಿಕನಿಗೆ ಒಂದು ತಿಂಗಳು, ಇತರ ಖಾಯಂ ಕಾರ್ಮಿಕರಿಗೆ ಎರಡು ವಾರ, ಉಭಯಪಕ್ಷಗಳಿಗೂ ಸಮನಾಗಿ, ಎಂಬ ಪದ್ಧತಿ ಬೆಳೆದುಬಂದಿತು. ಉಳಿದೆಡೆ ನೌಕರನ ಅವಧಿಯನ್ನು ಸಾಮಾನ್ಯವಾಗಿ ನಿರ್ಣಯಿಸುವುದು ಅವನು ಸಹಿಮಾಡಿದ ನೇಮಕಾತಿ ಪತ್ರ. ಅದನ್ನು ಓದದೆ ಸಹಿ ಹಾಕಿ, ಬಿಡುವ ದಿನ ಸಹೋದ್ಯೋಗಿಯನ್ನು ಕೇಳುವವರೇ ಅಧಿಕ.

ಅತಿಧೈರ್ಯದವರು ಹೇಳುವುದೇನೆಂದರೆ, ಇಷ್ಟು ವರ್ಷ ದುಡಿಯುವೆನೆಂದು ಬರೆದುಕೊಟ್ಟ ಬಾಂಡಿಗೆ ಯಾವ ಬೆಲೆಯೂ ಇಲ್ಲವೆಂದು. ಆದರೆ ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಸೇವೆ ಮಾಡುವ, ತಪ್ಪಿದರೆ 2 ಲಕ್ಷ ರೂಪಾಯಿ ತೆರುವ ಷರತ್ತಿಗೆ ಒಪ್ಪಿ, 2009ರಲ್ಲಿ ಅವಧಿಗೆ ಮುನ್ನವೇ ರಾಜೀನಾಮೆಯಿತ್ತು, ಆಕ್ಷೇಪಪೂರ್ವಕವಾಗಿ ಹಣವನ್ನು ಕಟ್ಟಿ ನ್ಯಾಯಾಲಯದ ಮೊರೆಹೊಕ್ಕರು. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಜಯ ದೊರೆಯಿತಾದರೂ, ಸಾರ್ವಜನಿಕ ಬ್ಯಾಂಕಿನ ನೇಮಕಾತಿಯ ವೆಚ್ಚವನ್ನೂ ಅವರ ಹುದ್ದೆಯ ಹಿರಿತನವನ್ನೂ ಪರಿಗಣಿಸಿ ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಆ ಷರತ್ತನ್ನು ಎತ್ತಿಹಿಡಿಯಿತು. ಹಾಗೆಂದು ಮಾಲೀಕನು ಬರೆದ ಮೊತ್ತವೆಲ್ಲ ಸಲ್ಲುವುದೆಂದಲ್ಲ. 1872ರ ಕರಾರು ಅಧಿನಿಯಮದ ಪ್ರಕಾರ ದೊರೆಯತಕ್ಕದ್ದು ಯುಕ್ತವಾದ ಪರಿಹಾರ ಮಾತ್ರ, ಬರೆದ ಮೊತ್ತವು ಅದರ ಗರಿಷ್ಠ ಮಿತಿ.

ನೋಟಿಸು ತಪ್ಪಿದರೆ ದುಡಿದ ಹಣವೂ ಹೋಯಿತೆಂಬುದೂ ಸರಿಯಲ್ಲ. ಕೊರತೆಯಾದ ದಿನಗಳ ವೇತನವನ್ನು ಒಪ್ಪಂದದಂತೆ ಲೆಕ್ಕ ಹಿಡಿದಾರು. ಭವಿಷ್ಯನಿಧಿಯು ನೌಕರನದೇ, ಐದು ವರ್ಷ ತುಂಬಿದವನ ಗ್ರಾಚ್ಯುಯಿಟಿಯನ್ನು ಈ ಕಾರಣಕ್ಕೆ ಮುಟ್ಟುವಂತಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವನಿಗೂ ಬಾಕಿ ವೇತನವು ಎರಡು ಕೆಲಸದ ದಿನಗಳೊಳಗೆ ಸಲ್ಲಬೇಕು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ: ರಾಜೀನಾಮೆಯನ್ನು ಬಾಯಿಮಾತಿನಲ್ಲಿ ಕೊಡಬೇಡಿರಿ, ನೇಮಕಾತಿ ಪತ್ರವನ್ನು ತೆಗೆದು ಓದಿ, ಕೊನೆಯ ದಿನವನ್ನು ಕಾಗದದಲ್ಲಿ ನಮೂದಿಸಿ, ಪ್ರತಿಯ ಮೇಲೆ ತಾರೀಖುಸಹಿತ ಸ್ವೀಕೃತಿಯನ್ನು ಹಾಕಿಸಿಕೊಳ್ಳಿರಿ.