ಹಾರ್ಡ್ ಡಿಸ್ಕ್ ಕನ್ವರ್ಟ್ ಮಾಡುವ ಮುನ್ನ



ಕಳೆದ ತಿಂಗಳು ನಮ್ಮ ಬಿಲ್ಲಿಂಗ್ ಕಂಪ್ಯೂಟರಿನ ಬ್ಯಾಕಪ್ ಹಳೆಯ 1 ಟಿಬಿ ಹಾರ್ಡ್ ಡಿಸ್ಕಿಗೆ ಕಾಪಿ ಆಗಲಿಲ್ಲ. ಅರ್ಧ ಡಿಸ್ಕ್ ಖಾಲಿ ಇದ್ದರೂ ಫೈಲ್ ತುಂಬಾ ದೊಡ್ಡದಾಯಿತು ಎಂದು ತೋರಿಸಿತು. ಡಿಸ್ಕ್ ಕೆಟ್ಟಿರಲಿಲ್ಲ. ಅದು ಫ್ಯಾಟ್-32 ಎಂಬ ಹಳೆಯ ಫೈಲ್ ಸಿಸ್ಟಮ್‌ನಲ್ಲಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಬಾಗಿಲು ಸಣ್ಣದಾದರೆ ಕೊಪ್ಪರಿಗೆ ಒಳಗೆ ಹೋಗುತ್ತದೆಯೇ? ಹಾಗೆಯೇ ಇದು.

ಕೌಂಟರಿನ ಹುಡುಗ "ಫಾರ್ಮ್ಯಾಟ್ ಮಾಡಿಬಿಡೋಣ ಅಣ್ಣ" ಎಂದು ಒತ್ತಲು ಹೊರಟಿದ್ದ. ಒತ್ತಿದ್ದರೆ ಹಳೆಯ ಬಿಲ್ಲುಗಳೆಲ್ಲ ಅಳಿಸಿ ಹೋಗುತ್ತಿದ್ದವು. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟುಕೊಳ್ಳಬೇಕು ಎಂಬುದು ನೆನಪಿರಲಿ.

ಫೈಲುಗಳನ್ನು ಅಳಿಸದೆ ಫ್ಯಾಟ್-32 ಅನ್ನು ಎನ್‌ಟಿಎಫ್‌ಎಸ್ ಮಾಡಲು ವಿಂಡೋಸ್‌ನಲ್ಲೇ ದಾರಿ ಇದೆ:

1. ಮೊದಲು ಎಲ್ಲವನ್ನೂ ಬೇರೊಂದು ಡಿಸ್ಕಿಗೆ ಕಾಪಿ ಮಾಡಿ, ನಾಲ್ಕಾರು ಫೈಲ್ ತೆರೆದು ನೋಡಿ. ಇದಾಗದೆ ಮುಂದಕ್ಕೆ ಹೋಗಬೇಡಿ.

2. ಮೈ ಕಂಪ್ಯೂಟರ್ ಅಥವಾ ದಿಸ್ ಪಿಸಿಯಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಡ್ರೈವ್ ಅಕ್ಷರ, ಹೆಸರು, ಫೈಲ್ ಸಿಸ್ಟಮ್ ಬರೆದುಕೊಳ್ಳಿ.

3. ಆ ಡಿಸ್ಕಿನ ಫೈಲುಗಳನ್ನೆಲ್ಲ ಮುಚ್ಚಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಡ್ರೈವ್ 'ಇ' ಆಗಿದ್ದರೆ, ಇಂಗ್ಲಿಷ್ ಅಕ್ಷರಗಳಲ್ಲಿ ಚೆಕ್‌ಡಿಸ್ಕ್ ಕಮಾಂಡ್ (ಸಿ-ಎಚ್-ಕೆ-ಡಿ-ಎಸ್-ಕೆ), ನಂತರ ಇ: /ಎಫ್ ಎಂದು ಟೈಪ್ ಮಾಡಿ. ತಪ್ಪುಗಳಿದ್ದರೆ ಸರಿಯಾಗುತ್ತವೆ.

4. ಬಳಿಕ ಕನ್ವರ್ಟ್ ಇ: /ಎಫ್‌ಎಸ್:ಎನ್‌ಟಿಎಫ್‌ಎಸ್ ಎಂದು ಇಂಗ್ಲಿಷಿನಲ್ಲೇ ಕೊಡಿ. ಡ್ರೈವ್ ಹೆಸರು ಕೇಳಿದರೆ ಬರೆದುಕೊಂಡದ್ದನ್ನು ಟೈಪ್ ಮಾಡಿ. ಮುಗಿಯುವವರೆಗೆ ಕೇಬಲ್ ಎಳೆಯಬಾರದು, ಕರೆಂಟ್ ಹೋಗಬಾರದು. ಯುಪಿಎಸ್ ಇರಲಿ.

5. ಪುನಃ ಪ್ರಾಪರ್ಟೀಸ್‌ನಲ್ಲಿ ಎನ್‌ಟಿಎಫ್‌ಎಸ್ ಎಂದಿದೆಯೇ, ಹಳೆಯ ಫೈಲ್ ತೆರೆಯುತ್ತದೆಯೇ ನೋಡಿ.

ಒಮ್ಮೆ ಬದಲಿಸಿದರೆ ಫಾರ್ಮ್ಯಾಟ್ ಮಾಡದೆ ಹಿಂದಿನಂತೆ ಆಗುವುದಿಲ್ಲ. ಆಪಲ್ ಮ್ಯಾಕ್‌ನಲ್ಲಿ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದಬಹುದು, ಬೇರೆ ಸಾಫ್ಟ್‌ವೇರ್ ಇಲ್ಲದೆ ಬರೆಯಲಾಗದು. ಕೆಲವು ಟಿವಿಗಳು ಓದುವುದೂ ಇಲ್ಲ. ಎರಡು ಕಡೆಯೂ ಬಳಸುವುದಾದರೆ ಎಕ್ಸ್‌ಫ್ಯಾಟ್ ಒಳ್ಳೆಯದು. ಆದರೆ ಅದಕ್ಕೆ ಫಾರ್ಮ್ಯಾಟ್ ಮಾಡಲೇಬೇಕು, ಆದ್ದರಿಂದ ಮೊದಲು ಕಾಪಿ.

ಈ ಕೆಲಸವನ್ನು ಊಟದ ರಶ್ ನಡುವೆ ಮಾಡಬೇಡಿ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ನಿಧಾನವಾಗಿ ಮಾಡಿ. ಕೆಲಸ ಮುಗಿದರೂ ಎರಡನೇ ಕಾಪಿಯನ್ನು ಅಳಿಸದೆ ಮನೆಯಲ್ಲಿಡಿ.