ಮೋರ್ಯರ ಮನೆಯೊಳಗಿನ ಬೂದಿ

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯ ಸೀಮೆಯಿಂದ ಹೊರಟು ಮಲಪ್ರಭೆಯ ಹರಿವನ್ನನುಸರಿಸಿ ಪಟ್ಟದಕಲ್ಲನ್ನು ದಾಟಿ ಐಹೊಳೆಯನ್ನು ಸೇರಿದ ಯಾತ್ರಿಕನು, ಮೇಗುಟಿ ಗುಡ್ಡವನ್ನೇರಿ, ಕ್ರಿ.ಶ. 634ರ ರವಿಕೀರ್ತಿಯ ಶಾಸನವುಳ್ಳ ಜಿನಾಲಯವನ್ನು ನೋಡಿ ಹಿಂದಿರುಗುವುದೇ ರೂಢಿ. ಆ ದೇವಾಲಯದ ಹಿಂಬದಿಯಲ್ಲಿ, ಚಾಲುಕ್ಯರಿಗಿಂತ ಎಷ್ಟೋ ಶತಮಾನ ಪ್ರಾಚೀನವಾದ ಕಲ್ಲುಗೋರಿಗಳು ನಿಂತಿರುವುದನ್ನು ಗಮನಿಸುವವರು ವಿರಳ. ಚಪ್ಪಡಿಗಳನ್ನು ನೆಟ್ಟು ಮೇಲೊಂದನ್ನು ಹೊದಿಸಿದ ಇಂತಹ ರಚನೆಗಳನ್ನು ನಮ್ಮ ಜನರು ಮೋರ್ಯರ ಮನೆಗಳೆಂದೂ ಪಾಂಡವರ ಮನೆಗಳೆಂದೂ ಕರೆದು, ಅವುಗಳಲ್ಲಿ ಕುಳ್ಳರ ಒಂದು ಕುಲ ಬಾಳಿತ್ತೆಂದು ಕಥೆ ಕಟ್ಟಿದ್ದಾರೆ.

ಆ ಮನೆಗಳ ನಿಜವಾದ ನಿವಾಸಿಗಳು ಯಾರೆಂಬುದನ್ನು ಅಗೆದು ನೋಡಿದ ಮೊದಲಿಗರಲ್ಲೊಬ್ಬನು, ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್. ಜೇವರ್ಗಿಯ ಕಲ್ಗುಪ್ಪೆಗಳಡಿಯಲ್ಲಿ ಅವನಿಗೆ ದೊರೆತವು ಅಸ್ಥಿಪಂಜರಗಳು. ರಾಜನಕೋಳೂರಿನ ಮುಚ್ಚಿದ ಕಲ್ಗೋರಿಗಳಲ್ಲಾದರೋ, ಮಣ್ಣಿನ ಗಡಿಗೆಗಳೊಳಗೆ ಬೂದಿ, ಎಲುಬಿನ ಚೂರುಗಳು ಮತ್ತು ಇದ್ದಿಲು. ಒಂದೇ ಸೀಮೆಯಲ್ಲಿ ಹೂಳುವುದೂ ಸುಡುವುದೂ ಎರಡೂ ಉಂಟಾಗಿದ್ದುವು. ದಹನವಾದ ಮೇಲೆ ಅಸ್ಥಿಸಂಚಯನ ಮಾಡಿ ನದಿಯಲ್ಲಿ ಬಿಡುವ ನಮಗೆ ಇದೇನೂ ಅಪರಿಚಿತವಲ್ಲ, ಆದರೆ ಉಳಿದ ಹಿಡಿ ಬೂದಿಗೆ ಇಷ್ಟು ಭಾರವಾದ ಕಲ್ಲಿನ ಮನೆ ಕಟ್ಟಿದ ಶ್ರದ್ಧೆ ಮಾತ್ರ ನಮ್ಮದಲ್ಲ.

ಇಂತಹ ಗೋರಿಗಳಲ್ಲಿ ಮೃತರೊಡನೆ ಇಟ್ಟ ವಸ್ತುಗಳು ರಾಜಭಂಡಾರದವಲ್ಲ, ಬಹುಮಟ್ಟಿಗೆ ಬಾಳಿಗೆ ಬೇಕಾದವು. ಒಳಮೈಯೂ ಬಾಯಿಯ ಅಂಚೂ ಕಪ್ಪಾಗಿ ಹೊರಮೈ ಕೆಂಪಾಗಿರುವ ನುಣುಪಾದ ಬಟ್ಟಲುಗಳು ಎಲ್ಲೆಡೆಯೂ ದೊರೆಯುತ್ತವೆ. ಆವಿಗೆಯಲ್ಲಿ ಬೋರಲಿಟ್ಟುದರಿಂದ ಗಾಳಿಯಾಡದ ಭಾಗ ಕಪ್ಪಾಯಿತೆಂಬುದು ಪಂಡಿತರ ವಿವರಣೆ. ಜೊತೆಗೆ ಕಬ್ಬಿಣದ ಭರ್ಜಿ, ಬಾಣದ ಮೊನೆ, ಕೊಡಲಿ, ಕುಡುಗೋಲು; ಕೆಲವೆಡೆ ಕೆಂಬಣ್ಣದ ಮಣಿಗಳ ಸರ. ಕಬ್ಬಿಣ ಹೊಸದಾಗಿದ್ದ ಕಾಲದಲ್ಲಿ ಇನ್ನೂ ಹರಿತವಾಗಿದ್ದ ಕುಡುಗೋಲನ್ನು ಮಣ್ಣಿಗೊಪ್ಪಿಸುವುದು ಸಣ್ಣ ತ್ಯಾಗವಲ್ಲ. ಪರಲೋಕದ ಪಯಣಕ್ಕೆಂದೇ ಅದನ್ನು ಇಟ್ಟರೆಂದು ಹೇಳುವುದಕ್ಕಿಂತ, ಸತ್ತವನ ವಸ್ತುವನ್ನು ಬಳಸಲು ಬದುಕಿದ್ದವರ ಮನಸ್ಸು ಒಪ್ಪಲಿಲ್ಲವೆಂದು ತಿಳಿಯುವುದು ನನಗೆ ಸಮೀಪವೆನಿಸುತ್ತದೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಶಾಸ್ತ್ರೀಯವಾಗಿ ಉತ್ಖನನ ನಡೆಸಿದಾಗ, ಒಂದೊಂದು ಚಪ್ಪಡಿ ಪಕ್ಕದ್ದನ್ನು ಮೀರಿ ಚಾಚಿ ಸ್ವಸ್ತಿಕಾಕಾರವಾಗುವಂತೆ ಕಟ್ಟಿ, ಮೂಡಣ ಕಲ್ಲಿನಲ್ಲಿ ದುಂಡನೆಯ ಕಿಂಡಿ ಕೊರೆದ ಗೋರಿಗಳು ಬೆಳಕಿಗೆ ಬಂದುವು. ಒಳಗಿದ್ದುದು ಇಡೀ ಶವವಲ್ಲ. ಬೇರೆಡೆ ಮಾಂಸ ಕಳಚಿಹೋದ ಬಳಿಕ ಆರಿಸಿ ತಂದ, ಹಲವರ ಬೆರಕೆಯ ಎಲುಬುಗಳು. ಈ ಸಂಸ್ಕೃತಿ ಕ್ರಿ.ಪೂ. ಎರಡನೆಯ ಶತಮಾನದ ಸುಮಾರಿಗೆ ಆರಂಭವಾಯಿತೆಂದು ಅವರು ಎಣಿಸಿದರು.

ಆ ಎಣಿಕೆ ಬಹುಕಾಲ ನಿಲ್ಲಲಿಲ್ಲ. ಜೇವರ್ಗಿ, ರಾಜನಕೋಳೂರುಗಳ ಗೋರಿಗಳನ್ನು ಐರ್ಲೆಂಡಿನ ಡ್ರೂಯಿಡರಿಗೂ ಸಿಥಿಯನ್ನರಿಗೂ ಹೋಲಿಸಿದ ಟೇಲರನ ಕಾಲಕ್ಕೆ, ಕೈಯಲ್ಲಿದ್ದ ಇದ್ದಿಲೇ ವಯಸ್ಸನ್ನು ನುಡಿಯಬಲ್ಲುದೆಂಬ ವಿದ್ಯೆ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ ಮೇಲೆ, ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ. ಎಸ್. ನಾಗರಾಜರಾಯರು ಅಗೆಸಿದ ನೆಲೆಯ ಇದ್ದಿಲನ್ನು ಪರೀಕ್ಷಿಸಲಾಗಿ, ಕನ್ನಡ ನಾಡಿನ ಕಬ್ಬಿಣದ ಪ್ರಾರಂಭ ಕ್ರಿ.ಪೂ. 1000ದ ಸುಮಾರಿಗೆ ಹಿಂದೆ ಸರಿಯಿತು.