ಒಂದೇ ಗಾಳಿ, ಎರಡು ನಂಬರ್

ಫೋನಲ್ಲಿ ಎರಡು ಆ್ಯಪ್ ಇಟ್ಕೊಂಡಿರೋರಿಗೆ ಈ ಗೊಂದಲ ಗೊತ್ತಿರುತ್ತೆ. ಒಂದು ಆ್ಯಪ್‌ನಲ್ಲಿ ಎಕ್ಯೂಐ 92, ಹಸಿರು ಬಣ್ಣ. ಇನ್ನೊಂದರಲ್ಲಿ 149, ಕಿತ್ತಳೆ ಬಣ್ಣ. ಊರು ಅದೇ, ಹೊತ್ತೂ ಅದೇ. ಹಾಗಾದ್ರೆ ಸುಳ್ಳು ಹೇಳ್ತಿರೋದು ಯಾವುದು?

ಎರಡೂ ಅಲ್ಲ. ಎರಡರ ಅಳತೆಗೋಲು ಬೇರೆ ಬೇರೆ, ಅಷ್ಟೆ.

ನಮ್ಮ ಫುಪ್ಫುಸದ ಆಳಕ್ಕೆ ಇಳಿಯೋ ಸಣ್ಣ ಕಣಗಳಿಗೆ ಪಿಎಂ 2.5 ಅಂತಾರೆ. ಕೂದಲೆಳೆಯ ದಪ್ಪದಲ್ಲಿ ಸುಮಾರು ಮೂವತ್ತರಲ್ಲೊಂದು ಭಾಗ ಇರುತ್ತವೆ. ಒಂದು ಘನ ಮೀಟರ್ ಗಾಳಿಯಲ್ಲಿ ಇವು 55 ಮೈಕ್ರೋಗ್ರಾಂ ಇವೆ ಅನ್ಕೊಳ್ಳಿ. 2015ರಲ್ಲಿ ಜಾರಿಗೆ ಬಂದ ನಮ್ಮ ದೇಶದ ಸೂಚ್ಯಂಕದಲ್ಲಿ ಅದು ಸುಮಾರು 92. ಅಮೆರಿಕದ ಸೂಚ್ಯಂಕದಲ್ಲಿ 149. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್ ಭಾರತದ ಲೆಕ್ಕ ತೋರಿಸುತ್ತೆ. ವಿದೇಶಿ ಆ್ಯಪ್‌ಗಳಲ್ಲಿ ಹಲವು ಅಮೆರಿಕದ ಲೆಕ್ಕ ಹಿಡಿಯುತ್ತವೆ.

ನಮ್ಮಮ್ಮನಿಗೆ ಆಸ್ತಮಾ. ಹಾಗಾಗಿ 'ಹಸಿರಿದೆ, ಹೋಗ್ಬಹುದು' ಅಂತ ಸುಮ್ಮನೆ ಹೇಳೋ ಹಾಗಿಲ್ಲ. ನಮ್ಮ ಸೂಚ್ಯಂಕದಲ್ಲಿ 51ರಿಂದ 100ರವರೆಗೆ 'ತೃಪ್ತಿಕರ'. ಆದ್ರೆ ಅದರ ವಿವರಣೆ ಓದಿ ನೋಡಿ: ಸೂಕ್ಷ್ಮ ದೇಹದವರಿಗೆ ಉಸಿರಾಟದಲ್ಲಿ ಸಣ್ಣ ತೊಂದರೆ ಆಗ್ಬಹುದು ಅಂತಿದೆ. ಅಮೆರಿಕದ ಕಿತ್ತಳೆ ಬಣ್ಣವೂ ಎಚ್ಚರಿಸೋದು ಸೂಕ್ಷ್ಮ ದೇಹದವರನ್ನೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15 ಮೈಕ್ರೋಗ್ರಾಂ, ನಮ್ಮದು 60. ಬಣ್ಣ ನೋಡಿ ಧೈರ್ಯ ತಗೊಳ್ಳೋ ಮುಂಚೆ ಈ ಅಂತರ ನೆನಪಿರಲಿ.

ಆ್ಯಪ್ ತೆರೆದಾಗ ನಾನು ಈ ನಾಲ್ಕು ವಿಷಯ ನೋಡ್ತೀನಿ:

ಯಾವ ದೇಶದ ಲೆಕ್ಕ? ಸೆಟ್ಟಿಂಗ್ಸ್‌ನಲ್ಲಿ ಸಾಮಾನ್ಯವಾಗಿ ಇರುತ್ತೆ. ಗೊಂದಲ ಆದ್ರೆ ನಂಬರ್ ಬಿಟ್ಟು ಪಿಎಂ 2.5 ಎಷ್ಟು ಮೈಕ್ರೋಗ್ರಾಂ ಅಂತ ನೋಡಿ. ಅಳೆಯೋ ಈ ಮಾನ ಎಲ್ಲ ಕಡೆ ಒಂದೇ.

ಯಾವ ಹೊತ್ತಿನದು? ನಮ್ಮ ಸೂಚ್ಯಂಕ ಪಿಎಂ 2.5ಕ್ಕೆ 24 ಗಂಟೆಯ ಸರಾಸರಿ ತಗೊಳ್ಳುತ್ತೆ. ನಿಮ್ಮ ಬೀದಿ ತುದಿಯಲ್ಲಿ ಈಗಷ್ಟೇ ಕಸಕ್ಕೆ ಬೆಂಕಿ ಹಚ್ಚಿದ್ರೆ ಅದು ನಂಬರಲ್ಲಿ ಕಾಣೋದಿಲ್ಲ. ಅಲ್ಲಿ ಮೂಗನ್ನೇ ನಂಬಿ.

ಎಲ್ಲಿ ಅಳೆದಿದ್ದು? ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್, ಪೀಣ್ಯ, ಹೆಬ್ಬಾಳದಂಥ ಕೆಲವು ಕಡೆ ಮಾತ್ರ ಅಳತೆ ಕೇಂದ್ರಗಳಿವೆ. ನಿಮ್ಮ ಏರಿಯಾ ಹೆಸರಲ್ಲಿ ಬರೋ ನಂಬರ್ ಎಷ್ಟೋ ಸಲ ಅಂದಾಜು.

ಯಾವ ಮಾಲಿನ್ಯ? ಎಕ್ಯೂಐ ಎಲ್ಲದರ ಸರಾಸರಿ ಅಲ್ಲ. ಧೂಳು, ಓಝೋನ್, ನೈಟ್ರೋಜನ್ ಡೈಆಕ್ಸೈಡ್ ಇತ್ಯಾದಿಗಳಲ್ಲಿ ಯಾವುದು ಅತಿ ಕೆಟ್ಟದಾಗಿದೆಯೋ ಅದರ ನಂಬರೇ ಅಂತಿಮ. ಸಣ್ಣ ಕಣ ಹೆಚ್ಚಿದ್ರೆ ಮುಖಕ್ಕೆ ಸರಿಯಾಗಿ ಕೂರೋ ಎನ್95 ಮಾಸ್ಕ್ ಉಪಯೋಗಕ್ಕೆ ಬರುತ್ತೆ. ಓಝೋನ್ ಅನಿಲ, ಅದಕ್ಕೆ ಆ ಮಾಸ್ಕ್ ತಡೆಯಲ್ಲ. ಬಿಸಿಲಿನ ಮಧ್ಯಾಹ್ನ ಒಳಗಿರೋದೇ ಲೇಸು.

ಇನ್ನೊಂದು ಮಾತು. ಚಳಿಗಾಲದಲ್ಲಿ ನಸುಕಿನ ಗಾಳಿ ಶುದ್ಧ ಅನ್ನೋ ನಂಬಿಕೆ ನಮ್ಮಲ್ಲಿದೆ. ಆದ್ರೆ ಆಗ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳದೆ ಹೊಗೆ, ಧೂಳು ಕೆಳಗೇ ನಿಂತಿರುತ್ತೆ. ಬಿಸಿಲೇರಿದ ಮೇಲೆ ಚದುರುತ್ತೆ. ಮನೇಲಿ ಹಿರಿಯರು, ಆಸ್ತಮಾ ಇರೋರು ಇದ್ರೆ ವಾಕಿಂಗ್ ಅನ್ನು ಐದೂವರೆಯಿಂದ ಎಂಟೂವರೆಗೆ ತಳ್ಳಿ, ಮುಖ್ಯರಸ್ತೆ ಬಿಟ್ಟು ಪಾರ್ಕ್ ಕಡೆ ಕಳಿಸಿ. ನಂಬರ್ ಎಷ್ಟೇ ಚೆನ್ನಾಗಿದ್ರೂ ಇನ್‌ಹೇಲರ್ ಜೇಬಲ್ಲೇ ಇರಲಿ.